ತೊಂಡೆ ಹಾಕುವ ಮೊದಲು ಹೂವು ನೋಡಿ

ಬಯಲುಸೀಮೆಯ ಮನೆಯಂಗಳಕ್ಕೆ ಒಂದೇ ಒಂದು ತರಕಾರಿ ಬಳ್ಳಿ ಸಾಕು, ಯಾವುದನ್ನು ಹಾಕಲಿ ಅಂತ ಯಾರಾದರೂ ಕೇಳಿದರೆ ನಾನು ತೊಂಡೆಯನ್ನೇ ಹೇಳುತ್ತೇನೆ. ಹೀರೆ, ಹಾಗಲ, ಸೋರೆ ಇವೆಲ್ಲ ಒಂದು ಹಂಗಾಮಿನವು. ಪ್ರತಿ ಸಲ ಬೀಜ ಬೇಕು, ಪ್ರತಿ ಸಲ ಗುಂಡಿ ಬೇಕು. ತೊಂಡೆ ಹಾಗಲ್ಲ. ಒಮ್ಮೆ ಬೇರು ಇಳಿದರೆ ನಾಲ್ಕೈದು ವರ್ಷ ಚಿಂತೆ ಇಲ್ಲ. ಮಣ್ಣಿನೊಳಗೆ ಗೆಡ್ಡೆಯಂಥ ದಪ್ಪ ಬೇರು ಕಟ್ಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ನೀರು ತಪ್ಪಿ ಎಲೆಯೆಲ್ಲ ಉದುರಿದರೂ ಆ ಬೇರು ಜೀವ ಹಿಡಿದಿರುತ್ತದೆ. ಒಂದು ಮಳೆ ಬಿದ್ದರೆ ಸಾಕು, ಬುಡದಿಂದ ಮತ್ತೆ ಚಿಗುರು ಬರುತ್ತದೆ.

ನಮ್ಮದು ಚಳ್ಳಕೆರೆ ಸೀಮೆ. ವರ್ಷಕ್ಕೆ 500 ಮಿ.ಮೀ. ಮಳೆಯಾದರೆ ಅದೇ ನಮಗೆ ಒಳ್ಳೆ ವರ್ಷ. ಹೊಲದಲ್ಲಿ ಶೇಂಗಾ, ಸ್ವಲ್ಪ ಸಜ್ಜೆ, ತೊಗರಿ. ಕೊಳವೆಬಾವಿ ಇಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಪುಸ್ತಕದ ಕೃಷಿ ನನಗೆ ಅಷ್ಟಾಗಿ ತಿಳಿಯದು. ಆದರೆ ಹದಿನೈದು ವರ್ಷದಿಂದ ಅಂಗಳದಲ್ಲಿ ತೊಂಡೆ ಚಪ್ಪರ ಇದೆ. ಅದರಿಂದ ಕಂಡುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ತೆಲುಗು ಮಾತಾಡುವವರು ಇದಕ್ಕೆ ದೊಂಡಕಾಯ ಅನ್ನುತ್ತಾರೆ. ಕರಾವಳಿಯ ಓದುಗರಿಗೆ ಇದು ಮನೋಳಿ, ಕೊಂಕಣಿಯವರಿಗೆ ತೆಂಡ್ಲಿ. ಕವಿಗಳು ಹೆಣ್ಣಿನ ತುಟಿಗೆ ಹೋಲಿಸುವ ಕೆಂಪು ತೊಂಡೆಹಣ್ಣು ಇದರದ್ದೇ.

ಗಂಡು ಬೇರೆ, ಹೆಣ್ಣು ಬೇರೆ

ತೊಂಡೆಯ ವಿಷಯದಲ್ಲಿ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದ್ದು ಇದೊಂದೇ. ಸೋರೆ, ಕುಂಬಳದಲ್ಲಿ ಗಂಡು ಹೂವು ಹೆಣ್ಣು ಹೂವು ಎರಡೂ ಒಂದೇ ಬಳ್ಳಿಯಲ್ಲಿ ಬರುತ್ತವೆ. ತೊಂಡೆಯಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಗಂಡು ಬಳ್ಳಿಗೆ ನೀವು ಎಷ್ಟೇ ಗೊಬ್ಬರ ಹಾಕಿ, ಎಷ್ಟೇ ನೀರು ಹೊಯ್ಯಿರಿ, ಅದು ಹೂ ಬಿಡುತ್ತದೆಯೇ ಹೊರತು ಒಂದು ಕಾಯಿಯನ್ನೂ ಕೊಡುವುದಿಲ್ಲ.

ನಮ್ಮ ಓಣಿಯಲ್ಲಿ ಜಮೀನಿಲ್ಲದ ಒಬ್ಬ ಅಕ್ಕ ಇದ್ದಾರೆ. ಕೂಲಿ ಮಾಡಿ ಮನೆ ನಡೆಸುವವರು. ಕೆರೆ ಏರಿಯ ಬೇಲಿಯಿಂದ ತೊಂಡೆ ಬಳ್ಳಿ ಕಿತ್ತು ತಂದು ಗುಡಿಸಲ ಪಕ್ಕ ಹಾಕಿದ್ದರು. ಬೀದಿ ನಲ್ಲಿಯಿಂದ ಕೊಡದಲ್ಲಿ ಹೊತ್ತು ತಂದ ನೀರಿನಲ್ಲಿ ಅದಕ್ಕೂ ಒಂದು ಪಾಲು. ಬಳ್ಳಿ ಸೂರಿನ ಮೇಲೆಲ್ಲ ಹಬ್ಬಿತು. ವರ್ಷ ಕಳೆಯಿತು. "ಅಣ್ಣಾ, ಹೂವೇನೋ ಮುಡಿಯೋ ಹಂಗೆ ಬಿಡ್ತೈತೆ, ಒಂದು ಕಾಯಿನೂ ನಿಲ್ಲವಲ್ದು, ಏನಾರ ಔಷಧಿ ಐತಾ?" ಅಂತ ಕೇಳಿದರು. ಹೋಗಿ ನೋಡಿದರೆ ಅಷ್ಟೂ ಗಂಡು ಹೂವು. ಅದಕ್ಕೆ ಔಷಧಿ ಇಲ್ಲ. ಬುಡ ಅಗೆದು ತೆಗೆದು, ಪುನರ್ವಸು ಮಳೆಯಲ್ಲಿ ನಮ್ಮ ಚಪ್ಪರದ ಹೆಣ್ಣು ಬಳ್ಳಿಯ ತುಂಡು ನೆಟ್ಟೆವು. ದಸರಾ ಹೊತ್ತಿಗೆ ಅವರ ಮನೆಯಲ್ಲಿ ತೊಂಡೆಕಾಯಿ ಪಲ್ಯ ಆಯಿತು. ಆದರೆ ಒಂದು ವರ್ಷ ಹೊತ್ತ ನೀರು ದಂಡವಾಯಿತಲ್ಲ, ಅದು ಬೇರೆಯವರಿಗೆ ಆಗಬಾರದು.

ಗುರುತಿಸುವುದು ಸುಲಭ. ಎರಡೂ ಹೂವು ಬಿಳಿ, ಐದು ಎಸಳು, ನಕ್ಷತ್ರದ ಹಾಗೆ. ಹೂವನ್ನು ಮೇಲಿಂದ ನೋಡಬೇಡಿ, ಹಿಂದುಗಡೆ ನೋಡಿ. ಹೆಣ್ಣು ಹೂವಾದರೆ ಎಸಳಿನ ಕೆಳಗೆ ಸಣ್ಣ ತೊಂಡೆಕಾಯಿಯ ಆಕಾರದ ಹಸಿರು ಮಿಡಿ ಇರುತ್ತದೆ. ಗಂಡು ಹೂವಾದರೆ ಬರೀ ತೆಳ್ಳನೆಯ ತೊಟ್ಟು. ಮಕ್ಕಳಿಗೆ ಒಮ್ಮೆ ತೋರಿಸಿದರೆ ಅವರೇ ಹೇಳುತ್ತಾರೆ. ಹೂವಿಲ್ಲದ ಕಾಲದಲ್ಲಿ ಎಲೆ, ಕಾಂಡ ನೋಡಿ ಹೇಳಲು ಬರುವುದಿಲ್ಲ.

ಇದೇ ಕಾರಣಕ್ಕೆ ಬೀಜ ಹಾಕಬಾರದು. ಬೀಜದಿಂದ ಹುಟ್ಟುವ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು, ಅರ್ಧ ಹೆಣ್ಣು. ಯಾವುದು ಯಾವುದೆಂದು ತಿಳಿಯಲು ಹೂ ಬಿಡುವ ತನಕ ಕಾಯಬೇಕು. ಹೆಣ್ಣೇ ಆದರೂ ಕಾಯಿ ತಾಯಿಬಳ್ಳಿಯ ಹಾಗೇ ಇರುತ್ತದೆಂಬ ಖಾತ್ರಿ ಇಲ್ಲ. ಬೇಲಿಯಲ್ಲಿ ಕಾಣುವ ಬಳ್ಳಿಗಳು ಹಕ್ಕಿಗಳು ಹಣ್ಣು ತಿಂದು ಹಾಕಿದ ಬೀಜದಿಂದ ಬಂದವು. ಅವುಗಳಲ್ಲಿ ಕಹಿ ಕಾಯಿಯವೂ ಇರುತ್ತವೆ. ಕಹಿ ತೊಂಡೆ, ಸಿಹಿ ತೊಂಡೆ ಎರಡರ ಸಸ್ಯನಾಮ ಒಂದೇ, ಕಾಕ್ಸೀನಿಯ ಗ್ರಾಂಡಿಸ್. ಆದ್ದರಿಂದ ನೋಡಲು ವ್ಯತ್ಯಾಸ ಕಾಣುವುದಿಲ್ಲ. ತುಂಡಿನಿಂದ ಬೆಳೆಸಿದರೆ ತಾಯಿ ಹೇಗೋ ಮರಿಯೂ ಹಾಗೇ.

ಹಾಗಾದರೆ ಗಂಡು ಬಳ್ಳಿ ಬೇಡವೇ ಅಂತ ಕೆಲವರು ಕೇಳುತ್ತಾರೆ. ಮಡಹಾಗಲಕ್ಕೆ ಬೇಕು. ಅದರಲ್ಲಿಯೂ ಗಂಡು ಹೆಣ್ಣು ಬೇರೆ ಬೇರೆ; ಹತ್ತು ಹೆಣ್ಣಿಗೆ ಒಂದಾದರೂ ಗಂಡು ಬಳ್ಳಿ ಇರದಿದ್ದರೆ ಮಿಡಿ ಉದುರಿ ಹೋಗುತ್ತದೆ. ತೊಂಡೆಗೆ ಆ ತೊಂದರೆ ಇಲ್ಲ. ಮನೆಗಳಲ್ಲಿ ತುಂಡಿನಿಂದ ಬೆಳೆಸುತ್ತಾ ಬಂದಿರುವ ಬಳ್ಳಿಗಳು ಗಂಡಿಲ್ಲದೆಯೂ ಕಾಯಿ ಕಟ್ಟುತ್ತವೆ. ನಮ್ಮ ಅಂಗಳದಲ್ಲಿ ಇರುವ ಎರಡೂ ಹೆಣ್ಣು ಬಳ್ಳಿಗಳೇ.

ತುಂಡು ಆರಿಸುವುದು

ಕಾಯಿ ಬಿಟ್ಟಿರುವ ಬಳ್ಳಿಯಿಂದಲೇ ತುಂಡು ತನ್ನಿ. ಕೊಡುವವರ ಮನೆಗೆ ಹೋಗಿ ಕಾಯಿ ನೋಡಿ, ಒಂದು ಮಿಡಿ ಕಿತ್ತು ಬಾಯಿಗೆ ಹಾಕಿ ರುಚಿ ನೋಡಿ. ಕಹಿಯಿಲ್ಲ ಎಂದ ಮೇಲೆ ಆ ಕಾಯಿ ಇದ್ದ ಬಳ್ಳಿಗೇ ಒಂದು ದಾರ ಕಟ್ಟಿ ಗುರುತು ಮಾಡಿ. ಒಂದೇ ಚಪ್ಪರದಲ್ಲಿ ಎರಡು ಮೂರು ಬಳ್ಳಿ ಹೆಣೆದುಕೊಂಡಿದ್ದರೆ ಈ ಗುರುತು ಬೇಕೇ ಬೇಕು.

ವರ್ಷ ತುಂಬಿದ ಬಳ್ಳಿಯಲ್ಲಿ ಪೆನ್ಸಿಲ್ ದಪ್ಪದ ಭಾಗ ಒಳ್ಳೆಯದು. ಎಳೆ ಕುಡಿ ಕೊಳೆಯುತ್ತದೆ, ತೀರಾ ಮುದಿ ಕಾಂಡ ತಡವಾಗಿ ಚಿಗುರುತ್ತದೆ. ಒಂದೂವರೆ ಗೇಣು ಉದ್ದ, ನಾಲ್ಕೈದು ಗಿಣ್ಣು ಇರಲಿ. ಬುಡದ ಕಡೆ ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ಯಿರಿ, ತುದಿಯ ಕಡೆ ನೇರವಾಗಿ ಕೊಯ್ಯಿರಿ. ಆಮೇಲೆ ತಲೆಕೆಳಗಾಗಿ ನೆಡುವ ಭಯ ಇರುವುದಿಲ್ಲ. ಎಲೆಗಳನ್ನು ತೆಗೆದುಬಿಡಿ.

ಎಲೆ ಮುರುಟಿಕೊಂಡು ಹಳದಿ ಹಸಿರು ಮಚ್ಚೆ ಬಿದ್ದ ಬಳ್ಳಿಯಿಂದ, ಕಾಂಡದಲ್ಲಿ ಗಂಟು ಗಂಟಾಗಿರುವ ಬಳ್ಳಿಯಿಂದ ಯಾರು ಪುಕ್ಕಟೆ ಕೊಟ್ಟರೂ ತರಬೇಡಿ. ರೋಗ ತುಂಡಿನ ಜೊತೆಗೇ ನಿಮ್ಮ ಮನೆಗೆ ಬರುತ್ತದೆ.

ಗುಂಡಿ ಮತ್ತು ನಾಟಿ

ಆರಿದ್ರಾ, ಪುನರ್ವಸು ಮಳೆಯ ಕಾಲ ನಮ್ಮ ಸೀಮೆಗೆ ಸರಿಯಾದದ್ದು. ಮೋಡದ ವಾತಾವರಣ ಇರುತ್ತದೆ, ತುಂಡು ಒಣಗುವುದಿಲ್ಲ. ಮಲೆನಾಡು, ಕರಾವಳಿಯವರು ಜೋರು ಮಳೆ ಕಳೆದ ಮೇಲೆ ನೆಡುವುದು ಮೇಲು. ತೊಂಡೆಯ ಬುಡದಲ್ಲಿ ನೀರು ನಿಲ್ಲಬಾರದು, ನಿಂತರೆ ಬೇರು ಕೊಳೆಯುತ್ತದೆ.

ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ಸಾಕು. ನಮ್ಮಲ್ಲಿ ಒಂದಡಿ ಕೆಳಗೆ ಗರಸು ಸಿಗುತ್ತದೆ. ಹಾಗಿದ್ದರೆ ಹಾರೆಯಿಂದ ಇನ್ನೊಂದಡಿ ಸಡಿಲ ಮಾಡಿ. ಗುಂಡಿ ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಟ್ಟರೆ ಒಳ್ಳೆಯದು. ಆಮೇಲೆ ಎರಡು ಬುಟ್ಟಿ ಕಳಿತ ತಿಪ್ಪೆಗೊಬ್ಬರ, ಎರಡು ಬುಟ್ಟಿ ಕೆರೆಗೋಡು, ಎರಡು ಹಿಡಿ ಬೇವಿನ ಹಿಂಡಿ ಅಥವಾ ಹೊಂಗೆ ಹಿಂಡಿ, ಮೇಲ್ಮಣ್ಣು ಎಲ್ಲ ಬೆರೆಸಿ ತುಂಬಿ. ನೆಲಕ್ಕಿಂತ ನಾಲ್ಕು ಬೆರಳು ಎತ್ತರ ಇರಲಿ. ಹಸಿ ಸಗಣಿ ಬೇಡ, ಗೆದ್ದಲು ಸೇರುತ್ತದೆ.

ಒಂದು ಗುಂಡಿಗೆ ಮೂರು ತುಂಡು ನೆಡಿ. ಎರಡು ಗಿಣ್ಣು ಮಣ್ಣಿನೊಳಗೆ, ಉಳಿದದ್ದು ಮೇಲೆ. ಸ್ವಲ್ಪ ಓರೆಯಾಗಿ ನೆಟ್ಟು ಸುತ್ತ ಮಣ್ಣನ್ನು ಕೈಯಿಂದ ಒತ್ತಿ. ಮೇಲೆ ತೆಂಗಿನ ಗರಿಯೋ, ತೊಗರಿ ಕಟ್ಟಿಗೆಯೋ ನೆರಳಿಗೆ ಇಡಿ. ಹತ್ತು ಹದಿನೈದು ದಿನದಲ್ಲಿ ಗಿಣ್ಣಿನಲ್ಲಿ ಚಿಗುರು ಕಾಣುತ್ತದೆ. ಮೂರೂ ಚಿಗುರಿದರೆ ಜೋರಾಗಿರುವ ಒಂದನ್ನೋ ಎರಡನ್ನೋ ಉಳಿಸಿ, ಮಿಕ್ಕದ್ದು ನೆರೆಮನೆಗೆ ಕೊಡಿ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಎಂಟರಿಂದ ಹತ್ತು ಅಡಿ ಇರಲಿ. ಒಂದು ಸಂಸಾರಕ್ಕೆ ಎರಡು ಬುಡ ಸಾಕು.

ಆಡು, ಕುರಿ, ಎಮ್ಮೆ ಯಾವುದೂ ತೊಂಡೆ ಎಲೆ ಬಿಡುವುದಿಲ್ಲ. ಬಳ್ಳಿ ಚಪ್ಪರ ಮುಟ್ಟುವ ತನಕ ಸುತ್ತ ಜಾಲಿ ಮುಳ್ಳು ಕಟ್ಟಿ.

ಚಪ್ಪರ

ಚಪ್ಪರದ ಎತ್ತರವನ್ನು ಕಾಯಿ ಕೀಳುವವರ ಕೈಗೆ ಅಳತೆ ಮಾಡಿ ಹಾಕಬೇಕು. ನಮ್ಮಲ್ಲಿ ಕೀಳುವುದು ಮನೆಯಾಕೆ. ಆಕೆ ನಿಂತು ಕೈಯೆತ್ತಿದರೆ ಸಿಗುವಷ್ಟು, ಸುಮಾರು ಐದೂವರೆ, ಆರಡಿ. ಅದಕ್ಕಿಂತ ಎತ್ತರವಾದರೆ ಮೇಲಿನ ಕಾಯಿ ಹಣ್ಣಾಗಿ ಹೋಗುತ್ತವೆ. ಎರಡು ಬುಡಕ್ಕೆ ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ ಸಾಕು.

ಮರದ ಗೂಟ ನಾಲ್ಕೈದು ವರ್ಷ ತಡೆಯುವುದಿಲ್ಲ, ಗೆದ್ದಲು ಹಿಡಿಯುತ್ತದೆ. ಬಳ್ಳಿ ಹೊತ್ತುಕೊಂಡೇ ಚಪ್ಪರ ಕುಸಿದರೆ ಮತ್ತೆ ಎತ್ತುವುದು ಕಷ್ಟ. ನಾವು ನಾಲ್ಕು ಮೂಲೆಗೆ ಕಲ್ಲು ಕಂಬ ಹಾಕಿ, ಮೇಲೆ ಒಂದಡಿಗೊಂದರಂತೆ ತಂತಿ ಎಳೆದಿದ್ದೇವೆ. ಕಲ್ಲು ಕೊಳ್ಳಲು ಆಗದಿದ್ದರೆ ಮೂಲೆಗಳಿಗೆ ನುಗ್ಗೆ ಅಥವಾ ಗ್ಲಿರಿಸೀಡಿಯ ಕೊಂಬೆ ನೆಡಿ. ಅವು ಚಿಗುರಿ ಜೀವಂತ ಕಂಬ ಆಗುತ್ತವೆ. ಆಗಾಗ ಕೊಂಬೆ ಸವರಿದರೆ ಆಯಿತು. ನುಗ್ಗೆಯಾದರೆ ಅಡುಗೆಗೂ ಸೊಪ್ಪು.

ಬಳ್ಳಿ ಚಪ್ಪರ ಏರುವ ತನಕ ಒಂದೇ ಕಾಂಡ ಬಿಟ್ಟು ಪಕ್ಕದ ಕುಡಿಗಳನ್ನು ಚಿವುಟಿ. ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿದರೆ ನಾಲ್ಕಾರು ಕವಲು ಒಡೆದು ಎಲ್ಲ ಕಡೆ ಹರಡುತ್ತದೆ.

ಬಚ್ಚಲ ನೀರೇ ಬಂಡವಾಳ

ಐದು ಜನರ ಮನೆಯಲ್ಲಿ ಸ್ನಾನಕ್ಕೆ, ಕೈಕಾಲು ಮುಖಕ್ಕೆ, ಪಾತ್ರೆಗೆ ಅಂತ ದಿನಕ್ಕೆ ಏನಿಲ್ಲವೆಂದರೂ ನಾಲ್ಕು ಬಕೆಟ್ ನೀರು ಬಚ್ಚಲಿನಿಂದ ಹೋಗುತ್ತದೆ. ಅದು ಬೀದಿಗೆ ಹೋದರೆ ಕೊಚ್ಚೆ, ಸೊಳ್ಳೆ. ತೊಂಡೆಗೆ ಹೋದರೆ ತರಕಾರಿ. ಬಳ್ಳಿ ಚಪ್ಪರದ ಮೇಲೆ ಇರುವುದರಿಂದ ಈ ನೀರು ಕಾಯಿಗೆ ತಾಗುವುದಿಲ್ಲ, ಹೇಸಿಕೆಯ ಮಾತಿಲ್ಲ.

ಆದರೆ ಎರಡು ಎಚ್ಚರಿಕೆ ಬೇಕು. ಒಂದು, ಬಟ್ಟೆ ಒಗೆದ ಸೋಪಿನ ಪುಡಿಯ ನೀರನ್ನು ಬುಡಕ್ಕೆ ಬಿಡಬೇಡಿ. ಅದರ ಉಪ್ಪು ಸೇರಿ ಮಣ್ಣು ಗಟ್ಟಿಯಾಗುತ್ತದೆ, ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ, ಎಲೆಯ ಅಂಚು ಸುಡುತ್ತದೆ. ಕೊನೆಯ ಸಲ ಜಾಲಿಸಿದ ನೀರಾದರೆ ತೊಂದರೆ ಇಲ್ಲ. ಎರಡು, ನೀರು ಒಂದೇ ಕಡೆ ನಿಲ್ಲಬಾರದು. ನಾವು ಬಚ್ಚಲ ಬಾಯಿಗೆ ಒಂದು ಸಣ್ಣ ಗುಂಡಿ ತೆಗೆದು ದಪ್ಪ ಕಲ್ಲು, ಮೇಲೆ ಸಣ್ಣ ಕಲ್ಲು, ಮೇಲೆ ಮರಳು ತುಂಬಿದ್ದೇವೆ. ಕೂದಲು, ಜಿಡ್ಡು ಅಲ್ಲೇ ಉಳಿಯುತ್ತದೆ. ಅಲ್ಲಿಂದ ಕಾಲುವೆ ಎರಡು ಬುಡಕ್ಕೂ ಹೋಗುತ್ತದೆ. ಒಂದು ದಿನ ಒಂದಕ್ಕೆ, ಮರುದಿನ ಇನ್ನೊಂದಕ್ಕೆ. ಮರಳನ್ನು ಎರಡು ಮೂರು ತಿಂಗಳಿಗೊಮ್ಮೆ ತೊಳೆದು ಹಾಕುತ್ತೇವೆ.

ಬಚ್ಚಲು ದೂರ ಇರುವವರು ಮಡಕೆ ಹೂಳಬಹುದು. ಬುಡದಿಂದ ಒಂದಡಿ ದೂರದಲ್ಲಿ ಸುಟ್ಟ ಮಣ್ಣಿನ ಮಡಕೆಯನ್ನು ಕತ್ತಿನ ತನಕ ಹೂತು ನೀರು ತುಂಬಿ, ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿ. ನೀರು ಮಡಕೆಯ ಮೈಯಿಂದ ಜಿನುಗಿ ಬೇರಿಗೆ ಸೇರುತ್ತದೆ. ಮೂರ್ನಾಲ್ಕು ದಿನಕ್ಕೊಮ್ಮೆ ತುಂಬಿಸಿದರೆ ಬೇಸಿಗೆ ದಾಟುತ್ತದೆ. ಇದಕ್ಕೆ ಒಳ್ಳೆ ನೀರು ಬಳಸಿ. ಕೊಳೆ ನೀರು ಹಾಕಿದರೆ ಮಡಕೆಯ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತವೆ. ಯಾವ ಪದ್ಧತಿಯಾದರೂ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಶೇಂಗಾ ಸಿಪ್ಪೆಯೋ, ಒಣ ಎಲೆಯೋ ಹೊದಿಸಿ.

ಸವರಿದರೆ ಕಾಯಿ

ತೊಂಡೆ ಕಾಯಿ ಬಿಡುವುದು ಹೊಸ ಚಿಗುರಿನಲ್ಲಿ. ಚಪ್ಪರದ ತುಂಬಾ ಹಳೆ ಬಳ್ಳಿ ಜೊಂಪೆ ಕಟ್ಟಿದ್ದರೆ ನೋಡಲು ಚೆಂದ, ಕಾಯಿ ಕಮ್ಮಿ. ಚಳಿಗಾಲದಲ್ಲಿ ಹೇಗೂ ಬೆಳವಣಿಗೆ ನಿಧಾನ ಆಗುತ್ತದೆ. ಸಂಕ್ರಾಂತಿ ಕಳೆದ ಮೇಲೆ ಬುಡದಿಂದ ಮೊಳದುದ್ದ ಬಿಟ್ಟು ಎಲ್ಲ ಕತ್ತರಿಸಿ ತೆಗೆಯಿರಿ. ಮೊದಲ ಸಲ ಕತ್ತರಿಸುವಾಗ ಮನೆಯವರು ಬೈಯಬಹುದು. ಬುಡದ ಸುತ್ತ ಮಣ್ಣು ಸಡಿಲಿಸಿ, ಬೇರಿಗೆ ಗಾಯ ಮಾಡದೆ ಎರಡು ಬುಟ್ಟಿ ಗೊಬ್ಬರ, ಎರಡು ಹಿಡಿ ಹಿಂಡಿ, ಒಂದು ಬೊಗಸೆ ಒಲೆ ಬೂದಿ ಕೊಟ್ಟು ನೀರು ಬಿಡಿ. ಬಿಸಿಲು ಏರುತ್ತಿದ್ದಂತೆ ಚಿಗುರು ನುಗ್ಗುತ್ತದೆ. ಯುಗಾದಿ ಆಸುಪಾಸಿಗೆ, ಊರಲ್ಲಿ ತರಕಾರಿಗೆ ಬರ ಬರುವ ಹೊತ್ತಿಗೆ, ಕಾಯಿ ಶುರು. ಮಳೆಗಾಲದ ಆರಂಭದಲ್ಲಿ ಇನ್ನೊಮ್ಮೆ ಗೊಬ್ಬರ ಕೊಡಿ. ಕತ್ತರಿಸಿದ ಬಳ್ಳಿ ಆರೋಗ್ಯವಾಗಿದ್ದರೆ ದನಗಳಿಗೆ ಮೇವು.

ನಾಲ್ಕೈದು ವರ್ಷವಾದ ಮೇಲೆ ಇಳುವರಿ ಇಳಿಯುತ್ತದೆ, ಕಾಯಿ ಸಣ್ಣದಾಗುತ್ತದೆ. ಆಗ ಪಕ್ಕದಲ್ಲೇ ಹೊಸ ಗುಂಡಿ ತೆಗೆದು ಅದೇ ಬಳ್ಳಿಯ ತುಂಡು ನೆಟ್ಟು, ಅದು ಚಪ್ಪರ ಏರಿದ ಮೇಲೆ ಹಳೆಯದನ್ನು ತೆಗೆಯಿರಿ. ಹೀಗೆ ಮಾಡಿದರೆ ಮನೆಯಲ್ಲಿ ತೊಂಡೆ ಇಲ್ಲದ ದಿನ ಇರುವುದಿಲ್ಲ.

ಹುಳ ಹುಪ್ಪಟೆ

ಹೇನು: ಎಳೆ ಕುಡಿ, ಎಲೆಯ ಅಡಿಯಲ್ಲಿ ಮುತ್ತಿಕೊಳ್ಳುತ್ತವೆ. ಇರುವೆ ಓಡಾಟ ಹೆಚ್ಚಿದರೆ ಹೇನು ಬಂದಿದೆ ಎಂದೇ ತಿಳಿಯಿರಿ. ಮೊದಲು ಆ ಕುಡಿಗಳನ್ನು ಚಿವುಟಿ ಹೂತುಬಿಡಿ. ಆಮೇಲೂ ಹೆಚ್ಚಿದರೆ ಬೇವಿನ ಬೀಜದ ಕಷಾಯ. ಅರ್ಧ ಕೆ.ಜಿ. ಬೇವಿನ ಬೀಜದ ತಿರುಳನ್ನು ಕುಟ್ಟಿ ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ ಸೋಸಿ, ಹತ್ತು ಲೀಟರ್ ನೀರು ಮಾಡಿ, ಚೂರು ಸೋಪು ಕರಗಿಸಿ ಸಂಜೆ ಹೊತ್ತು ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಿ. ಬಲಿತ ಕಾಯಿಗಳನ್ನು ಸಿಂಪಡಿಸುವ ಮೊದಲೇ ಕಿತ್ತುಕೊಳ್ಳಿ.

ಹಣ್ಣು ನೊಣ: ಕಾಯಿಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಕಾಯಿ ಸೊಟ್ಟಾಗಿ, ಹಳದಿಯಾಗಿ ಕೊಳೆತು ಬೀಳುತ್ತದೆ. ಬಿದ್ದ ಕಾಯಿಗಳನ್ನು ದಿನಾ ಆರಿಸಿ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ತಿಪ್ಪೆಗೆ ಎಸೆದರೆ ಅಲ್ಲಿಂದ ನೊಣ ಎದ್ದು ಮತ್ತೆ ಚಪ್ಪರಕ್ಕೇ ಬರುತ್ತದೆ. ಕ್ಯೂಲ್ಯೂರ್ ಎಂಬ ವಾಸನೆಯ ಬಿಲ್ಲೆ ಇರುವ ಬಲೆ ಒಂದನ್ನು ಚಪ್ಪರಕ್ಕೆ ತೂಗುಹಾಕಿದರೆ ಗಂಡು ನೊಣಗಳು ಬಂದು ಬೀಳುತ್ತವೆ.

ಗಂಟು ನೊಣ: ಇದರ ಮರಿ ಎಳೆ ಕಾಂಡದೊಳಗೆ ಸೇರಿ ಗಂಟು ಕಟ್ಟಿಸುತ್ತದೆ. ಆ ಬಳ್ಳಿ ಮುಂದೆ ಬೆಳೆಯುವುದಿಲ್ಲ. ಗಂಟಿನ ಕೆಳಗೆ ಕತ್ತರಿಸಿ ಸುಡುವುದೇ ದಾರಿ. ವಾರಕ್ಕೊಮ್ಮೆ ಚಪ್ಪರದ ಕೆಳಗೆ ನಿಂತು ಕಣ್ಣಾಡಿಸಿದರೆ ಇದು ಕೈ ಮೀರುವುದಿಲ್ಲ. ಮನೆ ಮಂದಿ ತಿನ್ನುವ ಬಳ್ಳಿಗೆ ಹತ್ತಿಗೆ ತಂದ ವಿಷದ ಔಷಧಿಯಲ್ಲಿ ಉಳಿದದ್ದನ್ನು ಹೊಡೆಯುವ ಕೆಲಸ ಮಾತ್ರ ಯಾರೂ ಮಾಡಬೇಡಿ.

ಕೊಯ್ಲು

ನೆಟ್ಟು ಎರಡೂವರೆ, ಮೂರು ತಿಂಗಳಿಗೆ ಮೊದಲ ಕಾಯಿ. ಆಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳಲೇಬೇಕು. ಕಿತ್ತಷ್ಟೂ ಬಿಡುತ್ತದೆ. ಹಣ್ಣಾಗಲು ಬಿಟ್ಟರೆ ಬಳ್ಳಿ ಹೊಸ ಹೂವು ಕಮ್ಮಿ ಮಾಡುತ್ತದೆ. ಹಕ್ಕಿಗಳು ಹಣ್ಣು ಒಯ್ದು ಬೀಜವನ್ನು ಊರೆಲ್ಲ ಹಂಚುತ್ತವೆ. ಹವಾಯಿ ದ್ವೀಪಗಳಲ್ಲಿ ತೊಂಡೆ ಹೀಗೇ ಹರಡಿ ಮರಗಳನ್ನೇ ಮುಚ್ಚಿ ದೊಡ್ಡ ಕಳೆಯಾಗಿದೆ. ಬಳ್ಳಿಯ ಗಟ್ಟಿತನ ಅಂಥದ್ದು.

ಚೆನ್ನಾಗಿ ಬಿಡುವ ದಿನಗಳಲ್ಲಿ ನಮ್ಮ ಎರಡು ಬುಡದಿಂದ ಒಂದು ಕೊಯ್ಲಿಗೆ ಮುಕ್ಕಾಲರಿಂದ ಒಂದು ಕೆ.ಜಿ. ಸಿಗುತ್ತದೆ. ವಾರಕ್ಕೆ ಎರಡು ಕೊಯ್ಲು. ಅಂದರೆ ವಾರದಲ್ಲಿ ಮೂರು ನಾಲ್ಕು ದಿನದ ಪಲ್ಯ, ಹುಳಿ ಮನೆಯಲ್ಲೇ ಆಯಿತು. ಹೆಚ್ಚಾದಾಗ ಮನೆಯಾಕೆ ಹೋಳು ಮಾಡಿ ಉಪ್ಪು ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ ಡಬ್ಬಿಗೆ ತುಂಬುತ್ತಾಳೆ. ಮುದ್ದೆಯ ಜೊತೆ ಕರಿದು ತಿನ್ನಲು ಒಳ್ಳೆಯದು.

ಇದರಿಂದ ಶ್ರೀಮಂತರಾಗುತ್ತೇವೆ ಅಂತ ನಾನು ಹೇಳುವುದಿಲ್ಲ. 2023ರಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಆ ವರ್ಷ ನಮಗೆ ಶೇಂಗಾ ಬೀಜಕ್ಕೆ ಹಾಕಿದ ದುಡ್ಡೂ ಮರಳಲಿಲ್ಲ. ಕೈಯಲ್ಲಿ ಕಾಸಿಲ್ಲದಾಗ ಸಂಸಾರದಲ್ಲಿ ಮೊದಲು ಕಡಿತ ಆಗುವುದು ತರಕಾರಿಯೇ. ಖಾರ, ಉಪ್ಪು, ನೀರು ಮಜ್ಜಿಗೆಯಲ್ಲಿ ಮುದ್ದೆ ಮುಗಿಯುತ್ತದೆ. ಅದರ ಪೆಟ್ಟು ಮೊದಲು ತಟ್ಟುವುದು ಹೆಂಗಸರಿಗೆ, ಮಕ್ಕಳಿಗೆ. ಆ ವರ್ಷವೂ ನಮ್ಮ ಬಚ್ಚಲ ನೀರು ನಿಲ್ಲಲಿಲ್ಲ, ಚಪ್ಪರದಲ್ಲಿ ಕಾಯಿಯೂ ನಿಲ್ಲಲಿಲ್ಲ. ಮಳೆಯನ್ನು ನಂಬಿದ ಹೊಲ ಕೈಕೊಟ್ಟಾಗ ಸ್ನಾನದ ನೀರನ್ನು ನಂಬಿದ ಎರಡು ಬುಡ ಬಳ್ಳಿ ಊಟದ ಎಲೆಗೆ ಒಂದು ಪಲ್ಯ ಇಟ್ಟವು. ಒಣಬೇಸಾಯದವನಿಗೆ ಇದು ಸಣ್ಣ ಮಾತಲ್ಲ.

ಹೆಣ್ಣು ಬಳ್ಳಿ ಇರುವವರು ಸವರುವಾಗ ತುಂಡುಗಳನ್ನು ಬಿಸಾಡಬೇಡಿ. ಹತ್ತು ತುಂಡನ್ನು ಹಳೆ ಹಾಲಿನ ಪ್ಯಾಕೆಟ್ಟಿನಲ್ಲಿ ಗೊಬ್ಬರ ಮಣ್ಣು ತುಂಬಿ, ತಳಕ್ಕೆ ತೂತು ಮಾಡಿ ನೆಟ್ಟು ನೆರಳಿನಲ್ಲಿಡಿ. ತಿಂಗಳಲ್ಲಿ ಬೇರು ಬರುತ್ತದೆ. ಅಂಗಳ ಇರುವ, ತೊಂಡೆ ಇಲ್ಲದ ಮನೆಗಳಿಗೆ ಕೊಡಿ. ಕೊಡುವಾಗ ಹೂವಿನ ಹಿಂದಿನ ಮಿಡಿ ತೋರಿಸಿಯೇ ಕೊಡಿ. ಆಗ ಅವರೂ ಮುಂದೆ ಇನ್ನೊಬ್ಬರಿಗೆ ಸರಿಯಾದ ಬಳ್ಳಿಯನ್ನೇ ಕೊಡುತ್ತಾರೆ.